ಅಂಚು ಮುಚ್ಚದ ಚಾಪೆ

ಮಕ್ಕಳ ರಕ್ಷಣಾ ಕಚೇರಿಯಲ್ಲಿ ಕಸ ಗುಡಿಸಿ ನೆಲ ಒರೆಸುವ ಮುದುಕಿಯನ್ನು ಎಲ್ಲರೂ ಹೂಂ ಅಜ್ಜಿ ಎಂದು ಕರೆಯುತ್ತಿದ್ದರು. ಏನು ಹೇಳಿದರೂ ಅವಳ ಉತ್ತರ ಅದೊಂದೇ. ಅಜ್ಜಿ, ಆ ಮೂಲೆ ಸರಿಯಾಗಿ ಒರೆಸಿ. ಹೂಂ. ಅಜ್ಜಿ, ನಾಳೆ ಬೇಗ ಬನ್ನಿ. ಹೂಂ. ಅಜ್ಜಿ, ನಿಮಗೆ ವಯಸ್ಸೆಷ್ಟು? ಅದಕ್ಕೂ ಹೂಂ. ಇಪ್ಪತ್ತೆರಡು ವರ್ಷದಲ್ಲಿ ಅವಳ ಬಾಯಿಂದ ಒಂದು ಪೂರ್ತಿ ವಾಕ್ಯ ಬಂದದ್ದಿಲ್ಲ ಎಂದು ಗುಮಾಸ್ತರು ಹೊಸಬರಿಗೆಲ್ಲ ಹೇಳಿ ನಗುತ್ತಿದ್ದರು. ಗುಮಾಸ್ತರ ಮುಂದೆ ಯಾರಿಗೆ ತಾನೇ ಪೂರ್ತಿ ವಾಕ್ಯ ಆಡಲು ಬಿಡುವು ಸಿಗುತ್ತದೆ ಎಂಬುದು ಬೇರೆ ವಿಚಾರ.

ಕಚೇರಿಯಲ್ಲಿ ಒಂದೇ ಸಾಲಿಗೆ ಎಂಟು ಮೇಜು. ಬಾಗಿಲ ಕಡೆಯಿಂದ ಮೂರನೆಯದು ಮೇಡಮ್ಮಿನದು. ಅಜ್ಜಿ ಒದ್ದೆ ಬಟ್ಟೆ ಹಿಡಿದು ಕುಕ್ಕರುಗಾಲಿನಲ್ಲಿ ಒರೆಸುತ್ತ ಬಂದು ಒಂದೊಂದು ಮೇಜಿನ ಹತ್ತಿರವೂ ನಿಲ್ಲುವಳು. ಕೂತವರು ಮಾತು ನಿಲ್ಲಿಸದೆ, ಫೈಲಿನಿಂದ ಕಣ್ಣು ಕೀಳದೆ, ಎರಡೂ ಕಾಲು ಮೇಲೆತ್ತುವರು. ಅವಳು ಅಲ್ಲಿ ಒರೆಸಿ ಮುಂದಕ್ಕೆ ಹೋಗುವಳು. ಮೇಡಂ ಈ ಕಚೇರಿಗೆ ಬಂದು ಎರಡು ವರ್ಷ. ಬಂದ ಎರಡನೇ ದಿನಕ್ಕೇ ಅವಳೂ ಕಾಲೆತ್ತುವುದನ್ನು ಕಲಿತಿದ್ದಳು.

ಮೇಡಂ ಕೆಟ್ಟವಳಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಕೇಳಿ ನೀವು ಅವಳ ಮೇಲೆ ಹರಿಹಾಯುತ್ತೀರಿ. ಸಮಾಜಕಾರ್ಯ ಓದಿ ಚಿನ್ನದ ಪದಕ ಪಡೆದವಳು. ಜನರೊಡನೆ ಕೆಲಸ ಮಾಡುವಾಗ ಆಯಾ ಜನರ ಅರಿವನ್ನು ಗೌರವಿಸಬೇಕು ಎಂಬ ವಿಷಯದಲ್ಲಿ ನೂರಕ್ಕೆ ತೊಂಬತ್ತಾರು ಅಂಕ ತೆಗೆದವಳು. ಊಟದ ಡಬ್ಬಿ ತೆರೆಯಲೂ ಮರೆತು ಮಕ್ಕಳ ಫೈಲು ಹಿಡಿದು ಓಡುವವಳು. ಇಷ್ಟೆಲ್ಲ ಇದ್ದೂ ಜೊಂಡಿನ ಓಣಿಯ ಪುಟ್ಟಿಯ ವಿಷಯದಲ್ಲಿ ಅವಳು ಕಣ್ಣು ತೆರೆದುಕೊಂಡೇ ಹಳ್ಳಕ್ಕೆ ಬಿದ್ದಳು.

ಜೊಂಡಿನ ಓಣಿ ಇರುವುದು ಪಟ್ಟಣದ ಆಚೆ ತುದಿಯ ದೊಡ್ಡ ಕೆರೆಯ ದಂಡೆಯಲ್ಲಿ. ನೀರಿನಲ್ಲಿ ಬೆಳೆಯುವ ಜೊಂಡು ಕೊಯ್ದು, ಒಣಗಿಸಿ, ಚಾಪೆ ಹೆಣೆಯುವ ಜನ ಪಟ್ಟಣ ಹುಟ್ಟುವ ಮೊದಲಿನಿಂದಲೂ ಅಲ್ಲಿದ್ದಾರೆ. ಆ ಓಣಿಯ ಒಬ್ಬ ಹೆಂಗಸು ಜ್ವರದಲ್ಲಿ ತೀರಿಕೊಂಡಳು. ಗಂಡ ಮಗು ಹುಟ್ಟುವ ಮೊದಲೇ ಸತ್ತಿದ್ದ. ಉಳಿದದ್ದು ಐದು ವರ್ಷದ ಹೆಣ್ಣು ಮಗು, ಪುಟ್ಟಿ. ಆಸ್ಪತ್ರೆಯಿಂದ ಕಾಗದ ಬಂತು, ಮೇಡಂ ವಿಚಾರಣೆಗೆ ಹೋದಳು.

ಮೊದಲ ಸಲ ಹೋದಾಗ ಮಗು ದೋಣಿ ನಡೆಸುವವನ ಮನೆಯಲ್ಲಿತ್ತು. ವಾರ ಬಿಟ್ಟು ಹೋದರೆ ದೊಡ್ಡಮ್ಮನ ಮನೆಯಲ್ಲಿ. ಮತ್ತೊಂದು ವಾರಕ್ಕೆ, ರಕ್ತಸಂಬಂಧವೇ ಇಲ್ಲದ ಒಬ್ಬ ಬಟ್ಟೆ ಹೊಲಿಯುವ ಹೆಂಗಸಿನ ಮನೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ಚಿಂದಿ ಬಟ್ಟೆ ಆರಿಸುತ್ತ ಕೂತಿತ್ತು.

'ಮಗುವಿನ ಜವಾಬ್ದಾರಿ ಯಾರದು?' ಎಂದು ಮೇಡಂ ಕೇಳಿದಳು.

'ನಮ್ಮದೇ.'

'ನಮ್ಮದು ಅಂದ್ರೆ ಯಾರದು? ಒಬ್ಬರ ಹೆಸರು ಹೇಳಿ, ನಾನು ಬರ್ಕೋಬೇಕು.'

ಹೊಲಿಗೆಯವಳು ಸೂಜಿಗೆ ದಾರ ಏರಿಸುತ್ತ, 'ಈಗಲೇ ಹೇಗೆ ಹೇಳೋದು ಮೇಡಮ್ಮೋರೇ? ಇನ್ನೂ ಎರಡು ಮನೆ ಬಾಕಿ ಇದೆ. ಅದಾದ ಮೇಲೆ ಬನ್ನಿ, ಹೇಳ್ತೀವಿ,' ಎಂದಳು.

ಮೇಡಮ್ಮಿಗೆ ಇದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸಿತು. ನಮೂನೆಯಲ್ಲಿ ಪಾಲಕರ ಹೆಸರಿಗೆ ಇದ್ದದ್ದು ಒಂದೇ ಗೆರೆ. ಅವಳು ಆ ಗೆರೆಯನ್ನು ಖಾಲಿ ಬಿಟ್ಟು ಕೆಳಗೆ ಬರೆದಳು: ಖಚಿತ ಪಾಲಕರಿಲ್ಲ, ಮಗು ಮನೆಯಿಂದ ಮನೆಗೆ ಅಲೆಯುತ್ತಿದೆ, ಮಲಗಲು ಹರಿದ ಚಾಪೆ. ಸಹಿ ಹಾಕಿ, ಮಗುವನ್ನು ಕಚೇರಿಯ ಹಿಂದಿನ ತಾತ್ಕಾಲಿಕ ಆಶ್ರಯಕ್ಕೆ ಕರೆತಂದಳು. ಹದಿನೈದು ದಿನಕ್ಕೆ ಸಮಿತಿ ಕೂತು ತೀರ್ಮಾನ ಮಾಡಬೇಕು. ಓಣಿಯವರು ಜಗಳ ಆಡಲಿಲ್ಲ. ದೋಣಿಯವನು ಮಾತ್ರ ಜೀಪಿನ ತನಕ ಬಂದು ಮಗುವಿನ ಚಾಪೆಯನ್ನು ಸುರುಳಿ ಸುತ್ತಿ ಅದರ ತೊಡೆಯ ಮೇಲಿಟ್ಟ.

ಆ ಚಾಪೆಯೋ, ನೋಡಲು ಅಂಥ ಚೆಂದವೇನಲ್ಲ. ನಡುಭಾಗ ಒಂದು ಬಗೆ, ಅದರ ಪಕ್ಕ ನಾಲ್ಕು ನಾಲ್ಕು ಬೆರಳು ಅಗಲದ ಐದು ಸಾಲು ಐದು ಬಗೆ. ಒಂದು ಬಿಗಿ, ಒಂದು ಸಡಿಲ, ಒಂದರ ಬಣ್ಣ ಹಸಿರು, ಇನ್ನೊಂದರದು ಕಂದು. ಒಂದು ಕಡೆಯ ಅಂಚನ್ನು ಮುಗಿಸಿಯೇ ಇರಲಿಲ್ಲ, ಎಳೆಗಳು ಹಾಗೇ ಜೋತಾಡುತ್ತಿದ್ದವು. ಮೇಡಂ ಮಗುವಿಗೆ ಹೊಸ ಮಂಚ ಹಾಕಿಸಿ, ನೀಲಿ ಹೂವಿನ ಹಾಸಿಗೆ ಹಾಸಿ, ತನ್ನ ಕೈಯಾರೆ ದಿಂಬಿಗೆ ಚೀಲ ತೊಡಿಸಿದಳು. ಆಮೇಲೆ ಚಾಪೆಯನ್ನು ಎರಡು ಬೆರಳಲ್ಲಿ ಎತ್ತಿ, 'ಅಜ್ಜಿ, ಇದನ್ನ ಎಸೆದುಬಿಡಿ, ಕೆರೆ ವಾಸನೆ,' ಎಂದಳು.

'ಹೂಂ,' ಎಂದಳು ಅಜ್ಜಿ.

ಅವತ್ತಿನಿಂದ ಪುಟ್ಟಿ ಬಾಯಿಗೆ ಬೀಗ ಹಾಕಿಕೊಂಡಳು. ಮಂಚದ ಮೇಲೆ ಮಲಗಿಸಿದರೆ ಬೆಳಗಾಗುವುದರಲ್ಲಿ ಮಂಚದ ಕೆಳಗೆ, ಬರೀ ನೆಲದ ಮೇಲೆ ಇರುತ್ತಿದ್ದಳು. ತಟ್ಟೆ ಮುಂದಿಟ್ಟರೆ ಎರಡು ತುತ್ತು. ಗೊಂಬೆ ಕೊಟ್ಟರೆ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂರಿಸುವಳು. ಹತ್ತನೇ ದಿನ ಮೇಡಂ ಎರಡು ಪುಟದ ವರದಿ ಬರೆದಳು. ಮಗುವಿನ ಮನಸ್ಸಿಗೆ ಆಳವಾದ ಪೆಟ್ಟು ಬಿದ್ದಿದೆ, ತಜ್ಞರಿರುವ ದೂರದ ದೊಡ್ಡ ಮಕ್ಕಳ ಮನೆಗೆ ಕಳಿಸುವುದು ಒಳ್ಳೆಯದು. ಬಸ್ಸಿನಲ್ಲಿ ಒಂದಿಡೀ ದಿನದ ದಾರಿ. ಹೋದ ಮಕ್ಕಳು ಹದಿನೆಂಟು ತುಂಬುವ ತನಕ ಅಲ್ಲೇ. ಸಮಿತಿ ಒಪ್ಪುವುದರಲ್ಲಿ ಅನುಮಾನ ಇರಲಿಲ್ಲ, ಯಾಕೆಂದರೆ ಮೇಡಮ್ಮಿನ ವರದಿಗಳನ್ನು ಸಮಿತಿ ಇದುವರೆಗೆ ತಳ್ಳಿಹಾಕಿದ್ದೇ ಇಲ್ಲ.

ಸಮಿತಿಗೆ ಮೂರು ದಿನ ಇರುವಾಗ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಹೊತ್ತು. ಮೇಡಂ ಹಳೆಯ ಫೈಲು ಹುಡುಕುತ್ತ ಹಿಂದಿನ ಸಾಮಾನು ಕೋಣೆಯ ಕಡೆ ಹೋದಳು. ಪೊರಕೆ, ಬಕೆಟ್ಟು, ಫಿನಾಯಿಲ್ ಡಬ್ಬ ಇಡುವ ಕೋಣೆ ಅದು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮಗುವಿನ ದನಿ ಬರುತ್ತಿತ್ತು.

ಪುಟ್ಟಿ ಮಾತಾಡುತ್ತಿದ್ದಳು! ಎಸೆದಿರಬೇಕಾಗಿದ್ದ ಚಾಪೆ ನೆಲದ ಮೇಲೆ ಹಾಸಿತ್ತು. ಮಗು ಅದರ ಮೇಲೆ ಬೋರಲು ಮಲಗಿ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತಿತ್ತು. 'ಇದು ನಮ್ಮಮ್ಮ. ಇದು ದೋಣಿ ಮಾವ. ಇದು ದೊಡ್ಡಮ್ಮ. ಇದು ಹೊಲಿಗೆ ಅತ್ತೆ. ಇದು ಸೈಕಲ್ ತಾತ. ಇದು ಚಿಕ್ಕಮ್ಮ.'

'ಆಮೇಲೆ?' ಎಂದಳು ಅಜ್ಜಿ.

'ಆಮೇಲೆ ಖಾಲಿ. ಯಾರಾದ್ರೂ ಬರ್ತಾರೆ.'

ಮೇಡಮ್ಮಿಗೆ ಮೊದಲು ಬಂದದ್ದು ಸಿಟ್ಟು. 'ಅಜ್ಜಿ, ಇದನ್ನ ಎಸೀರಿ ಅಂದಿರಲಿಲ್ವಾ ನಾನು?' ಎಂದು ಗದರಿದಳು. ಪುಟ್ಟಿ ಒಡನೆಯೇ ಚಾಪೆಯ ಮೇಲೆ ಮುದುಡಿಕೊಂಡಳು. ಆಗ ಹೂಂ ಅಜ್ಜಿ ನಿಧಾನವಾಗಿ ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತಳು. ಅವಳು ಇಷ್ಟೆತ್ತರ ಇದ್ದಾಳೆ ಎಂದು ಮೇಡಮ್ಮಿಗೆ ಗೊತ್ತೇ ಇರಲಿಲ್ಲ. ಎರಡು ವರ್ಷ ಅವಳನ್ನು ನೋಡಿದ್ದೆಲ್ಲ ಬಾಗಿದಾಗಲೇ.

'ಕೂತ್ಕೊಳ್ಳಿ ಮೇಡಮ್ಮೋರೇ,' ಎಂದಳು ಅಜ್ಜಿ. 'ಕಾಲು ಎತ್ತಬೇಡಿ. ಕೆಳಗಿಟ್ಕೊಂಡೇ ಕೂತ್ಕೊಳ್ಳಿ.'

ಮೇಡಂ ಬಕೆಟ್ಟು ಬೋರಲು ಹಾಕಿ ಕೂತಳು. ಇಪ್ಪತ್ತೆರಡು ವರ್ಷ ಒಳಗೇ ಉಳಿದಿದ್ದ ವಾಕ್ಯಗಳು ಒಂದೊಂದಾಗಿ ಆಚೆ ಬಂದವು.

'ನಮ್ಮ ಓಣೀಲಿ ಮಗು ಹುಟ್ಟಿದ್ರೆ ತಾಯಿ ನಡುಭಾಗ ಹೆಣೀತಾಳೆ. ಆಮೇಲೆ ಆ ಮಗು ನಂದೂ ಹೌದು ಅನ್ನೋರು ಬಂದು ತಮ್ಮ ತಮ್ಮ ಸಾಲು ಹೆಣೀತಾರೆ. ಹೆಣೀರಿ ಅಂತ ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ತಾವಾಗಿ ಬರಬೇಕು. ರಕ್ತಸಂಬಂಧ ಇದ್ರೂ ಸೈ, ಇಲ್ದಿದ್ರೂ ಸೈ. ಒಂದು ಸಲ ಹೆಣೆದ್ರೆ ಮುಗೀತು, ಸಾಯೋ ತನಕ ಹಿಂದೆ ಸರಿಯೋ ಹಾಗಿಲ್ಲ.'

'ಮತ್ತೆ ಅಂಚು ಯಾಕೆ ಮುಗಿಸಿಲ್ಲ?'

'ಇನ್ನೊಬ್ಬರಿಗೆ ಜಾಗ ಇರಲಿ ಅಂತ. ಮಗು ದೊಡ್ಡದಾದ ಮೇಲೆ ಅದೇ ತನ್ನ ಅಂಚು ಮುಚ್ಕೊಳ್ಳುತ್ತೆ.' ಅಜ್ಜಿ ಜೋತಾಡುವ ಎಳೆಗಳನ್ನು ನೇವರಿಸಿದಳು. 'ತಾಯಿ ಹೋದ್ರೆ ಮಗು ಸಾಲಿನ ಪ್ರಕಾರ ಒಂದೊಂದು ಮನೇಲೂ ಒಂದೊಂದು ವಾರ ಇರುತ್ತೆ. ಎಲ್ಲ ಮನೆ ಮುಗಿದ ಮೇಲೆ ಯಾವ ಮನೇಲಿ ತಾನಾಗಿ ಚಾಪೆ ಬಿಚ್ಚಿ ಹಾಸುತ್ತೋ ಅದು ಅದರ ಮನೆ. ಮಿಕ್ಕೋರೂ ಬಿಟ್ಟು ಹೋಗಲ್ಲ, ಸಾಲು ಇದೆಯಲ್ಲ. ಈ ಮಗು ಮೂರನೇ ಮನೇಲಿದ್ದಾಗ ನೀವು ಬಂದ್ರಿ.'

ಇನ್ನೂ ಎರಡು ಮನೆ ಬಾಕಿ ಇದೆ. ಹೊಲಿಗೆಯವಳ ಮಾತು ಈಗ ಮೇಡಮ್ಮಿನ ಕಿವಿಗೆ ಬಿದ್ದಿತು. ತಾನು ಅಲೆದಾಟ ಎಂದು ಬರೆದದ್ದು ಅಲೆದಾಟವಲ್ಲ, ಅದೇ ಅವರ ವಿಚಾರಣೆ, ಅದೇ ಅವರ ಸಮಿತಿ. ಅದೂ ಎಂಥ ಸಮಿತಿ! ತನ್ನ ಕಚೇರಿಯಲ್ಲಿ ಮಗುವನ್ನು ಹೊರಗೆ ಕೂರಿಸಿ ದೊಡ್ಡವರು ಒಳಗೆ ತೀರ್ಮಾನ ಮಾಡುತ್ತಾರೆ. ಅಲ್ಲಿ ದೊಡ್ಡವರು ಕಾಯುತ್ತಾರೆ, ಮಗು ತೀರ್ಮಾನ ಮಾಡುತ್ತದೆ. ನೂರಾರು ಪುಟ ಓದಿ ತಾನು ಕಲಿಯಲು ಹೆಣಗಿದ್ದನ್ನು ಈ ಜನ ನಾಲ್ಕು ಮೊಳ ಜೊಂಡಿನಲ್ಲಿ ಹೆಣೆದಿಟ್ಟಿದ್ದಾರೆ. ತಾನು ಅದನ್ನು ಎರಡು ಬೆರಳಲ್ಲಿ ಎತ್ತಿ ಎಸೆಯಿರಿ ಎಂದಿದ್ದಳು.

'ಮೊದಲೇ ಯಾಕೆ ಹೇಳಲಿಲ್ಲ ಅಜ್ಜಿ?' ಎಂದು ಮೇಡಂ ಕೇಳಿದಳು.

'ಹೇಳಿದ್ದೆ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗಿನ ಸಾಹೇಬರಿಗೆ. ನೆಲ ಒರೆಸು ಹೋಗು ಅಂದ್ರು. ಅವತ್ತಿಂದ ಹೂಂ.'

ಅಜ್ಜಿ ಫಿನಾಯಿಲ್ ಡಬ್ಬಗಳನ್ನು ಪಕ್ಕಕ್ಕೆ ಸರಿಸಿದಳು. ಅವುಗಳ ಹಿಂದೆ ಗೋಡೆಗೆ ಒರಗಿಸಿ, ಗೆದ್ದಲು ಹತ್ತದಂತೆ ಇಟ್ಟಿಗೆಯ ಮೇಲೆ ನಿಲ್ಲಿಸಿ, ಹಳೆಯ ಪರದೆ ಬಟ್ಟೆ ಸುತ್ತಿ ಇಟ್ಟ ಸುರುಳಿಗಳಿದ್ದವು. ಮೇಡಂ ಎಣಿಸಿದಳು. ಹನ್ನೊಂದು.

'ಇವು ಯಾರವು?'

'ಇಲ್ಲಿಂದ ದೂರ ಹೋದ ಮಕ್ಕಳವು. ಎಲ್ಲ ಸಾಹೇಬರೂ, ಎಲ್ಲ ಮೇಡಮ್ಮೋರೂ ಒಳ್ಳೇ ಮನಸ್ಸಿಂದಾನೇ ಎಸೀರಿ ಅಂದ್ರು. ಹದಿನಾಲ್ಕಿದ್ವು. ಮೂರು ಜನ ದೊಡ್ಡೋರಾಗಿ ಹುಡುಕ್ಕೊಂಡು ಬಂದು ತಗೊಂಡು ಹೋದ್ರು. ಅದರಲ್ಲೊಬ್ಳು ಇಲ್ಲೇ ಕೂತು ಒಂದೊಂದು ಸಾಲೂ ಮುಟ್ಟಿ ಮುಟ್ಟಿ ಅತ್ತಳು. ನನಗೆ ಯಾರೂ ಇಲ್ಲ ಅಂದ್ಕೊಂಡಿದ್ದೆ ಅಜ್ಜಿ, ಏಳು ಜನ ಇದ್ರು, ಅಂದ್ಳು.'

ಪ್ರತಿದಿನ ಮೇಡಮ್ಮಿನ ಕಾಲಬುಡದಲ್ಲಿ ಒರೆಸಿ ಹೋಗುತ್ತಿದ್ದ ಈ ಹೆಂಗಸು, ಇಡೀ ಕಚೇರಿ ಕಳೆದುಹಾಕಿದ್ದನ್ನೆಲ್ಲ ಒಬ್ಬಳೇ ಕಾದಿಟ್ಟಿದ್ದಳು. ಬೀರುವಿನಲ್ಲಿರುವ ಫೈಲುಗಳು ಮಕ್ಕಳಿಗೆ ಏನಿಲ್ಲ ಎಂಬುದನ್ನು ಹೇಳುತ್ತಿದ್ದವು. ಯಾರಿದ್ದಾರೆ ಎಂಬುದು ಈ ಪೊರಕೆ ಕೋಣೆಯಲ್ಲಿತ್ತು.

'ನಿಮ್ಮ ಚಾಪೆ ಅಜ್ಜಿ?'

'ನನ್ನನ್ನೂ ಏಳು ವರ್ಷದೋಳಿದ್ದಾಗ ಕರ್ಕೊಂಡು ಹೋದ್ರು. ಅಲ್ಲಿ ಎತ್ತಿಡೋರು ಯಾರೂ ಇರಲಿಲ್ಲ. ಹದಿನೆಂಟಕ್ಕೆ ವಾಪಸು ಬಂದೆ. ಹೆಣೆದೋರು ಕೆಲವರು ಸತ್ತಿದ್ರು, ಕೆಲವರು ಬೇರೆ ಕೆರೆಗೆ ಹೋಗಿದ್ರು. ಯಾರ್ಯಾರ ಸಾಲಿತ್ತೋ, ಗೊತ್ತೇ ಆಗಲಿಲ್ಲ. ರಜೆ ಸಿಕ್ಕಾಗೆಲ್ಲ ಓಣಿಗೆ ಹೋಗಿ ಕೂತು ಹೆಣಿಗೆ ಓದೋದು ಕಲಿತೆ.'

'ನೀವು ಯಾವ ಮಗುವಿನ ಚಾಪೆಗೂ ಸಾಲು ಹೆಣೆದಿಲ್ವಾ?'

'ಊಹೂಂ,' ಎಂದಳು ಅಜ್ಜಿ. 'ತನಗೇ ಸಾಲಿಲ್ಲದೋಳು ಇನ್ನೊಬ್ಬರಿಗೆ ಯಾವ ಮುಖ ಇಟ್ಕೊಂಡು ಹೆಣೀಲಿ?'

ಅವಳ ಬಾಯಲ್ಲಿ ಊಹೂಂ ಕೇಳಿದ್ದು ಅದೇ ಮೊದಲು. ನೀವೂ ಹೆಣೆಯಿರಿ ಎಂದು ಮೇಡಂ ಹೇಳುವಂತಿರಲಿಲ್ಲ, ಯಾರೂ ಯಾರನ್ನೂ ಕೇಳುವ ಹಾಗಿಲ್ಲ ಎಂಬುದನ್ನು ಈಗಷ್ಟೇ ಕಲಿತಿದ್ದಳು.

ಸಮಿತಿಯ ದಿನ ಬಂತು. ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯರು, ನೆಟ್ಟಗೆ ಕೂತು ಎದುರಿನವರನ್ನೂ ನೆಟ್ಟಗೆ ಕೂರಿಸುವಂಥವರು. ಮೇಡಂ ಎದ್ದು ನಿಂತು, 'ಸಾರ್, ನನ್ನ ವರದಿ ತಪ್ಪು,' ಎಂದಳು. ಗುಮಾಸ್ತರ ಬಾಯಿ ಅಂದು ಮೊದಲ ಸಲ ಮಾತಿಲ್ಲದೆ ತೆರೆದುಕೊಂಡಿತು.

ಅವಳು ಚಾಪೆ ಹಾಸಿ ಎಲ್ಲವನ್ನೂ ವಿವರಿಸಿದಳು. ಅಧ್ಯಕ್ಷರು ಕೊನೆಯ ತನಕ ಕೇಳಿದರು. ಆಮೇಲೆ, 'ಚೆನ್ನಾಗಿದೆಯಮ್ಮ. ಆದ್ರೆ ಈ ಸಾಲು ಇಂಥವರದೇ ಅನ್ನೋದಕ್ಕೆ ಪುರಾವೆ ಏನು? ನಾಳೆ ಯಾರು ಬೇಕಾದ್ರೂ ಬಂದು ಇದು ನಂದು ಅನ್ನಬಹುದು. ಒಂದು ಮಗುವಿನ ವಿಷಯ ಇದು,' ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

'ಕೈ ಗೊತ್ತಾಗುತ್ತೆ ಸಾಹೇಬರೇ,' ಎಂದಳು ಬಾಗಿಲ ಬಳಿ ನಿಂತಿದ್ದ ಅಜ್ಜಿ. 'ದಿನಾ ಯಾವ ಕೆಲಸ ಮಾಡ್ತೀವೋ ಅದು ಕೈಗೆ ಕೂತಿರುತ್ತೆ. ಹೆಣೆಯೋವಾಗ ಬೇಡ ಅಂದ್ರೂ ಬರುತ್ತೆ.'

'ಪರೀಕ್ಷೆ ಮಾಡೋಣವಾ?' ಎಂದರು ಅಧ್ಯಕ್ಷರು. ಮೇಷ್ಟರಾಗಿದ್ದವರಿಗೆ ಆ ಚಪಲ ಎಲ್ಲಿ ಹೋದೀತು?

ಮೇಡಂ ಕರೆಸಿದ್ದ ಓಣಿಯ ಐವರೂ ಹೊರಗಿನ ಜಗಲಿಯಲ್ಲಿ ಕಾದಿದ್ದರು. ಓಣಿಯಿಂದ ಜೊಂಡು ತರಿಸಿ, ಅವರಿಗೆ ಒಂದೊಂದು ಹಿಡಿ ಕೊಟ್ಟು ಒಂದೊಂದು ಗೇಣು ಹೆಣೆಸಿದರು. ಗುಮಾಸ್ತರು ಪ್ರತಿ ತುಂಡಿಗೂ ಗುಟ್ಟಾಗಿ ಒಂದು ಸಂಖ್ಯೆ ಕಟ್ಟಿ, ಪರೀಕ್ಷೆಯ ಮೇಲ್ವಿಚಾರಕರ ಗತ್ತಿನಲ್ಲಿ ಒಳಗೆ ತಂದಿಟ್ಟರು.

ಅಜ್ಜಿ ಮೊದಲ ತುಂಡು ಎತ್ತಿ ಚಾಪೆಯ ಸಾಲುಗಳ ಪಕ್ಕ ಹಿಡಿದಳು. 'ಎಳೆ ಉದ್ದುದ್ದ ಎಳೆದು ಆಮೇಲೆ ಬಿಟ್ಟಿದ್ದಾನೆ. ಹುಟ್ಟು ಹಾಕೋ ಕೈ. ದೋಣಿಯವನು.' ಎರಡನೆಯದನ್ನು ಬೆರಳಲ್ಲಿ ಸವರಿ, 'ಸಮ ಸಮ, ಸಣ್ಣ ಸಣ್ಣ. ಕಾಲು ಯಂತ್ರ ತುಳಿಯೋ ಲೆಕ್ಕದಲ್ಲೇ ಕೈಯೂ ಹೋಗಿದೆ. ಹೊಲಿಗೆಯವಳು,' ಎಂದಳು. ಮೂರನೆಯದು ದೊಡ್ಡಮ್ಮನದು, ನಾಲ್ಕನೆಯದು ಚಿಕ್ಕಮ್ಮನದು. ಗುಮಾಸ್ತರು ತಮ್ಮ ಚೀಟಿ ನೋಡಿಕೊಳ್ಳುತ್ತ ಪ್ರತಿ ಸಲವೂ, ಸರಿ, ಸರಿ ಎಂದು ಗೋಣು ಹಾಕಿದರು. 'ದೊಡ್ಡಮ್ಮನ ಸಾಲಲ್ಲಿ ಮಾತ್ರ ಅಲ್ಲಲ್ಲಿ ಸಡಿಲ ಇದೆ, ನೋಡಿ,' ಎಂದು ಅಜ್ಜಿ ಚಾಪೆ ತೋರಿಸಿದಳು. 'ಆಗ ಅವಳ ತೊಡೆ ಮೇಲೂ ಹಾಲು ಕುಡಿಯೋ ಕೂಸಿತ್ತು. ಕೂಸನ್ನ ಆ ಕಡೆಯಿಂದ ಈ ಕಡೆಗೆ ಹಾಕ್ಕೊಂಡಾಗೆಲ್ಲ ಎಳೆ ಸಡಿಲ ಆಗಿದೆ.'

ಐದನೇ ತುಂಡಿಗೆ ಬಂದಾಗ ಅವಳು ತಡೆದಳು. ತಿರುಗಿಸಿ ನೋಡಿದಳು, ಸಾಲಿನ ಪಕ್ಕ ಇಟ್ಟು ನೋಡಿದಳು. ಇದೊಂದು ತಪ್ಪಿದರೆ ಪುಟ್ಟಿ ನಾಳೆಯ ಬಸ್ಸಿನಲ್ಲಿರುತ್ತಾಳೆ.

'ಇದು ಸೈಕಲ್ ತಾತನದು. ಉಳಿದೋನು ಅವನೊಬ್ಬನೇ ಅನ್ನೋ ಕಾರಣಕ್ಕೆ ಹೇಳ್ತಿಲ್ಲ ನಾನು. ಬಿಗಿ ಅದೇ, ತಿರುವು ಅದೇ. ಕೊನೆಗೆ ಒತ್ತೋವಾಗ ಮಾತ್ರ ಒಂದು ಬೆರಳು ಕೆಲಸ ಮಾಡ್ತಿಲ್ಲ. ಆಗ ಐದು ಬೆರಳಿತ್ತು, ಈಗಿಲ್ಲ.'

ಅಧ್ಯಕ್ಷರು ತಾವೇ ಎದ್ದು ಜಗಲಿಗೆ ಹೋದರು. ಸೈಕಲ್ ರಿಪೇರಿ ಮಾಡುವ ಮುದುಕ ಬಲಗೈ ಮುಂದೆ ಚಾಚಿದ. ತೋರುಬೆರಳಿನ ತುದಿ ಇರಲಿಲ್ಲ. 'ಹೋದ ವರ್ಷ ಚೈನಿಗೆ ಸಿಕ್ಕಿ ಹೋಯ್ತು ಸಾರ್,' ಎಂದ.

ಒಳಗೆ ಬಂದ ಅಧ್ಯಕ್ಷರು ಕುರ್ಚಿಯ ಕಡೆ ಹೋಗಲಿಲ್ಲ. ಕನ್ನಡಕ ತೆಗೆದು, ಪಂಚೆ ಸರಿಮಾಡಿಕೊಂಡು, ಚಾಪೆಯ ಪಕ್ಕ ನೆಲದ ಮೇಲೇ ಕೂತರು. ಒಂದೊಂದು ಸಾಲನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. 'ನನ್ನ ಹುಡುಗರು ಹೆಸರು ಬರೆಯದೆ ಉತ್ತರ ಪತ್ರಿಕೆ ಕೊಟ್ರೂ ಅಕ್ಷರ ನೋಡಿ ಯಾರದು ಅಂತ ಹೇಳ್ತಿದ್ದೆ,' ಎಂದರು. 'ದೊಡ್ಡ ವಿದ್ಯೆ ಅಂತ ಜಂಬ ಇತ್ತು. ತಾಯೀ, ನಿನ್ನ ಮುಂದೆ ನಾನು ಒಂದನೇ ಕ್ಲಾಸು.'

ಅಜ್ಜಿ, 'ಹೂಂ,' ಎಂದಳು. ಎಲ್ಲರೂ ನಕ್ಕರು, ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ.

ಮಗು ತನ್ನ ಉಳಿದ ಎರಡು ಮನೆ ಮುಗಿಸಲಿ, ಅದರ ತೀರ್ಮಾನವೇ ಸಮಿತಿಯ ತೀರ್ಮಾನ ಎಂದು ಆದೇಶವಾಯಿತು. ನಮೂನೆಯ ಆ ಒಂದು ಗೆರೆಯಲ್ಲಿ ಮೇಡಂ ಐದು ಹೆಸರುಗಳನ್ನು ಇರುಕಿಸಿ ಬರೆದಳು. ಗೆರೆ ಸಾಲದೆ ಕೊನೆಯದು ಪಕ್ಕದ ಖಾಲಿ ಜಾಗಕ್ಕೆ ಹತ್ತಿತು. ಹನ್ನೊಂದು ಚಾಪೆಗಳೂ ಪೊರಕೆ ಕೋಣೆಯಿಂದ ಫೈಲು ಬೀರುವಿನ ಪಕ್ಕಕ್ಕೆ ಬಂದವು. ಯಾವ ಮಗು ಎಲ್ಲಿದೆ ಎಂದು ಪತ್ರ ಬರೆಯುವ ಕೆಲಸವನ್ನು ಗುಮಾಸ್ತರು ತಾವಾಗಿ ಕೇಳಿ ತೆಗೆದುಕೊಂಡರು. ಅಜ್ಜಿ ಹೇಳುವುದು, ಅವರು ಬರೆಯುವುದು. ಅವರು ಅಷ್ಟು ಹೊತ್ತು ಬಾಯಿಮುಚ್ಚಿ ಕೂತದ್ದನ್ನು ಕಚೇರಿ ಕಂಡಿರಲಿಲ್ಲ.

ಎರಡು ವಾರ ಕಳೆದ ಮೇಲೆ ಪುಟ್ಟಿ ಚಿಕ್ಕಮ್ಮನ ಮನೆಯಿಂದ ಚಾಪೆ ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಐವರೂ ತಮ್ಮ ತಮ್ಮ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು, ಯಾರೂ ಕರೆಯಲಿಲ್ಲ. ಪುಟ್ಟಿ ಓಣಿಯ ನಡುವೆ ಹೋಗಿ, ನಿಂತು, ಹಿಂತಿರುಗಿ, ಮೂಗು ಒರೆಸಿಕೊಂಡು, ಹೊಲಿಗೆ ಅತ್ತೆಯ ಮನೆಯೊಳಗೆ ನಡೆದಳು. ಯಂತ್ರದ ಪಕ್ಕದಲ್ಲಿ ಚಾಪೆ ಬಿಚ್ಚಿ ಹಾಸಿದಳು. ದೂರದಿಂದ ನೋಡುತ್ತಿದ್ದ ಮೇಡಮ್ಮಿನ ಕಣ್ಣು ತುಂಬಿ ಬಂತು, ಅವಳು ಅದನ್ನು ಮರೆಮಾಚಲೂ ಇಲ್ಲ.

ತಿಂಗಳಾದ ಮೇಲೆ ಮೇಡಂ ಮತ್ತೆ ಹೋದಳು, ವರದಿಗೆ ಒಂದು ಸಹಿ ಬೇಕಿತ್ತು. ಪುಟ್ಟಿ ಶಾಲೆಗೆ ಹೋಗಿದ್ದಳು. ಹೊಲಿಗೆಯವಳು ನೀರು ತರಲು ಒಳಗೆ ಹೋದಾಗ ಮೇಡಂ ನೆಲದ ಮೇಲೆ, ಚಾಪೆಯ ಹತ್ತಿರ ಕೂತಳು. ಈಗ ಅವಳಿಗೂ ಚೂರು ಪಾರು ಓದಲು ಬರುತ್ತಿತ್ತು. ಇದು ತಾಯಿ, ಇದು ದೋಣಿ ಮಾವ, ಇದು ದೊಡ್ಡಮ್ಮ. ಬೆರಳು ಐದೂ ಸಾಲು ದಾಟಿ ಅಂಚಿಗೆ ಬಂದಾಗ ತಡೆಯಿತು.

ಅಲ್ಲಿ ಆರನೆಯ ಸಾಲಿತ್ತು. ಜೊಂಡು ಇನ್ನೂ ಹಸಿರಾಗಿತ್ತು.

ಯಾರದು ಎಂದು ಕೇಳಲು ಒಳಗಿನ ಕಡೆ ತಿರುಗಿದವಳು, ಬೇಡವೆಂದು ತಾನೇ ಬೆರಳಾಡಿಸಿದಳು. ಒಂದೇ ಸಮನೆ ಹೋಗುವ ಹೆಣಿಗೆ, ಸ್ವಲ್ಪ ದೂರ ಹೋಗಿ ತಡೆದು ನಿಲ್ಲುತ್ತದೆ. ಅಲ್ಲೊಂದು ಸಣ್ಣ ಬಿಗಿ. ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಯಾರೋ ಕಾಲೆತ್ತುವ ತನಕ ಕೈ ಕಾದು ಮುಂದೆ ಹೋದ ಹಾಗೆ. ಅವಳು ಆ ಬಿಗಿಗಳನ್ನು ಎಣಿಸಿದಳು. ಎಂಟು.

ಮೇಡಂ ಮೊದಲಿನಿಂದ ಮತ್ತೆ ಎಣಿಸಿ, ಮೂರನೆಯದರ ಮೇಲೆ ಬೆರಳಿಟ್ಟಳು. ಹೊಲಿಗೆಯವಳು ನೀರಿನ ಲೋಟ ಹಿಡಿದು ಬಂದು ಎರಡು ಸಲ ಕರೆದರೂ ಅವಳಿಗೆ ಅಲ್ಲಿಂದ ಬೆರಳು ತೆಗೆಯಲು ಆಗಲಿಲ್ಲ.